ಹತ್ತನೆಯ ಲಾಗಕ್ಕೊಂದು ಹೂಂಗುಟ್ಟು

ಎರ್ಗಶ್ ಮಾತಿನ ಮನುಷ್ಯನಲ್ಲ. ರೊಟ್ಟಿ ಅಂಗಡಿಗೆ ಹೋದರೆ ಬೆರಳು ತೋರಿಸಿಯೇ ರೊಟ್ಟಿ ತರುವವನು. ಮದುವೆ ಮನೆಯಲ್ಲಿ ನಾಲ್ಕು ಹರಕೆಯ ಮಾತಾಡಲು ಎಬ್ಬಿಸಿ ನಿಲ್ಲಿಸಿದರೆ ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿ ಹಾಗೇ ಕೂತುಬಿಡುತ್ತಿದ್ದ. ಅಂಥವನ ಬಾಯಿಂದ ಹೋದ ವಸಂತದಲ್ಲಿ ಜಾರಿಬಿದ್ದ ಎರಡೇ ಎರಡು ಮಾತು, ತಂಗಿಯ ಮಗಳು ಹತ್ತಬೇಕಿದ್ದ ವಿಮಾನವನ್ನೇ ತಪ್ಪಿಸಿಬಿಟ್ಟಿತು.

ಆ ಮಾತು ಇಷ್ಟೇ: "ಹಾಂ, ಕಂದಾ!"

ತಂಗಿಯ ಮಗಳು ಓಯ್ದಿನ್ ಟ್ರ್ಯಾಂಪೊಲಿನ್ ಆಟಗಾರ್ತಿ. ತಂಗಿ ಬಟ್ಟೆ ಗಿರಣಿಯ ಪಾಳಿಗೆ ಹೋಗುವಾಗ ಕೂಸನ್ನು ಅಣ್ಣನ ಹತ್ತಿರ ಬಿಟ್ಟು ಹೋಗುತ್ತಿದ್ದಳು. ಅಣ್ಣ ಕ್ರೀಡಾಶಾಲೆಯಲ್ಲಿ ಕೋಚ್. ಹಾಗಾಗಿ ಕೂಸು ತೊಟ್ಟಿಲು ಬಿಟ್ಟಮೇಲೆ ನೆಲಕ್ಕಿಂತ ಹೆಚ್ಚಾಗಿ ಸ್ಪ್ರಿಂಗಿನ ಹಾಸಿನ ಮೇಲೆಯೇ ಬೆಳೆಯಿತು. ಈಗ ಅವಳು ಹಾಸಿನಿಂದ ಚಿಮ್ಮಿದರೆ ಎರಡು ಅಂತಸ್ತು ಮೇಲೆ ಹೋಗಿ, ಅಲ್ಲಿ ಮುದುಡಿ, ಸುತ್ತಿ, ತಿರುಗಿ, ಬಿಚ್ಚಿಕೊಂಡು ಇಳಿಯುತ್ತಾಳೆ. ಹೀಗೆ ಎಲ್ಲೂ ನಿಲ್ಲದೆ ಹತ್ತು ಲಾಗ ಹಾಕಬೇಕು; ಹಾಕಿದ್ದನ್ನೇ ಮತ್ತೆ ಹಾಕುವಂತಿಲ್ಲ; ಹತ್ತನೆಯದು ಮುಗಿದಾಗ ಎರಡೂ ಕಾಲೂರಿ ಕಂಬದ ಹಾಗೆ ನಿಲ್ಲಬೇಕು. ಅಷ್ಟೂ ಹೊತ್ತು ಅವಳ ಕೋಚ್ ದಪ್ಪ ಮೆತ್ತೆಯೊಂದನ್ನು ಹಿಡಿದು ಅಂಚಿನಲ್ಲಿ ನಿಂತಿರುತ್ತಾನೆ. ಹುಡುಗಿ ದಿಕ್ಕು ತಪ್ಪಿ ಬಿದ್ದರೆ ಮೆತ್ತೆ ತಳ್ಳುವುದು ಅವನ ಕೆಲಸ. ಆದರೆ ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಮಾಡಿದರೆ ಅಂಕ ಕಡಿತ.

ಕಡಿತವೇನೋ ಸಣ್ಣದೇ. ಆದರೆ ಈ ಆಟದಲ್ಲಿ ಗೆಲುವು ಸೋಲುಗಳ ನಡುವೆ ಇರುವುದು ಅದಕ್ಕಿಂತ ಸಣ್ಣದು. ವಸಂತದ ಆಯ್ಕೆ ಸ್ಪರ್ಧೆಯಲ್ಲಿ ಓಯ್ದಿನ್ ಹತ್ತನೆಯ ಲಾಗದ ತುದಿಯಲ್ಲಿದ್ದಾಗ ಎರ್ಗಶನ ಬಾಯಿ ತಾನಾಗಿ ತೆರೆಯಿತು. ಹುಡುಗಿ ಮೊಳೆ ಹೊಡೆದ ಹಾಗೆ ನಿಂತಳು. ತೀರ್ಪುಗಾರರು ಅಂಕ ಕತ್ತರಿಸಿದರು. ಸಮರ್‌ಕಂದಿನ ಕಮೀಲಾ ಎಂಬ ಹುಡುಗಿ ಕೂದಲೆಳೆಯಲ್ಲಿ ಮುಂದೆ ಬಂದು ವಿಮಾನ ಹತ್ತಿದಳು.

ಬಾಯಿ ಹಾಗೇಕೆ ತೆರೆಯುತ್ತದೆ ಎಂಬುದಕ್ಕೆ ಎರ್ಗಶನ ಹತ್ತಿರ ಉತ್ತರವಿತ್ತು. ಆದರೆ ಅದನ್ನು ತೀರ್ಪುಗಾರರಿಗೆ ಹೇಳುವ ಹಾಗಿರಲಿಲ್ಲ. ಅವನ ಅಜ್ಜನ ಊರು ದಕ್ಷಿಣದ ಗುಡ್ಡಗಾಡು. ಚಳಿಗಾಲ ಬಂತೆಂದರೆ ಹಾಡುಗಾರನೊಬ್ಬ ಎರಡು ತಂತಿಯ ವಾದ್ಯ ಹೆಗಲಿಗೇರಿಸಿ ಬರುತ್ತಿದ್ದ. ಪದ್ಯ ಹೇಳುತ್ತಾ ಹೇಳುತ್ತಾ ಏರಿ, ಕತೆಯೊಳಗಿನ ಕುದುರೆ ಬೆಟ್ಟದ ತುದಿ ಮುಟ್ಟುವಲ್ಲಿ ದನಿ ನಿಲ್ಲಿಸುತ್ತಿದ್ದ. ಆಗ ಕೇಳುವವರು "ಹಾಂ!" ಅನ್ನಬೇಕು. ಅನ್ನದಿದ್ದರೆ ಕುದುರೆ ಇಳಿಯುವುದಿಲ್ಲ. ಹಾಡುಗಾರ ಇವರೆಲ್ಲ ನಿದ್ದೆಹೋದರೆಂದು ವಾದ್ಯವನ್ನು ಚೀಲಕ್ಕೆ ಹಾಕುತ್ತಾನೆ. ಅಜ್ಜನ ತೊಡೆಯ ಮೇಲೆ ಕೂತು ಹೂಂಗುಟ್ಟಲು ಕಲಿತ ಬಾಯಿ ಅದು. ಎತ್ತರದಲ್ಲಿ ಒಂದು ಜೀವ ಒಂದು ಗಳಿಗೆ ತೂಗಿ ನಿಂತಿತೆಂದರೆ, ಕೆಳಗೆ ಇರುವವನು ಸುಮ್ಮನಿರುವುದು ಅದಕ್ಕೆ ಗೊತ್ತಿರಲಿಲ್ಲ.

ಇವತ್ತು ಮತ್ತೆ ಆಯ್ಕೆ ಸ್ಪರ್ಧೆ. ಏಷ್ಯಾ ಚಾಂಪಿಯನ್‌ಶಿಪ್ ತಂಡದಲ್ಲಿ ಹುಡುಗಿಯರಿಗೆ ಉಳಿದಿರುವುದು ಒಂದೇ ಜಾಗ. ಬೆಳಗಿನ ನಮಾಜು ಮುಗಿಸಿದ ಎರ್ಗಶ್ ಅಲ್ಲೇ ಕೂತು, ಇವತ್ತು ಈ ಬಾಯಿ ಬಿಡುವುದಿಲ್ಲವೆಂದು ಮನಸ್ಸಿನಲ್ಲೇ ದೇವರಿಗೆ ಮಾತು ಕೊಟ್ಟ. ಹುಡುಗಿಗೆ ಹೇಳಲಿಲ್ಲ. ಸ್ಪರ್ಧೆಯ ದಿನ ಅವಳ ಮನಸ್ಸು ಕದಡುವುದು ಬೇಡ ಅನ್ನಿಸಿತು. ಮೊದಲೇ ಅವಳ ಮೇಲೆ ಅವನಿಗೊಂದು ಸಿಟ್ಟಿತ್ತು. ಎರಡು ತಿಂಗಳಿಂದ ಅವಳು ಮೂರು ಲಾಗಗಳಿಗೆ ಒಂದೊಂದು ಅರ್ಧ ಸುತ್ತು ಹೆಚ್ಚಿಗೆ ಸೇರಿಸಿಕೊಂಡಿದ್ದಳು. ಸುತ್ತು ಹೆಚ್ಚಾದಷ್ಟೂ ಅಂಕ ಹೆಚ್ಚು, ಅಪಾಯವೂ ಹೆಚ್ಚು.

"ಯಾಕಮ್ಮಾ ಇದೆಲ್ಲ? ಇರೋದೇ ಸಾಕಲ್ವಾ?" ಅಂದರೆ, "ಬೇಕು ಮಾಮ, ಖರ್ಚಿದೆ" ಅಂದು ನಕ್ಕು ಮತ್ತೆ ಹಾಸಿನ ಮೇಲೆ ಹತ್ತುತ್ತಿದ್ದಳು. ಈ ಕಾಲದ ಹುಡುಗಿಯರ ಆಸೆಗೆ ಕೊನೆಯಿಲ್ಲ ಎಂದು ಎರ್ಗಶ್ ನಿಟ್ಟುಸಿರು ಬಿಟ್ಟಿದ್ದ.

ರೊಟ್ಟಿ ತರಲು ಹೊರಟಾಗ, ಮೊಹಲ್ಲಾಕ್ಕೆಲ್ಲ ಚಿಕ್ಕಮ್ಮನಂತಿದ್ದ ರಿಸೋಲತ್ ಖಾಲಾ ತನ್ನ ಬಾಗಿಲ ಮುಂದೆ ನೀರು ಚಿಮುಕಿಸಿ ಗುಡಿಸುತ್ತಿದ್ದಳು. ಮೊಹಲ್ಲಾದಲ್ಲಿ ಯಾರ ಮನೆಯ ಕೆಟಲ್ ಯಾವಾಗ ಕುದಿಯಿತು ಎಂಬುದು ಕೂಡ ಅವಳಿಗೆ ತಿಳಿಯುತ್ತಿತ್ತು.

"ಸಲಾಂ ಎರ್ಗಶ್! ನೆಮ್ಮದಿಯಾಗಿ ಎದ್ದ್ಯಾ? ಮನೇಲೆಲ್ಲಾ ಕ್ಷೇಮನಾ?"

ಎರ್ಗಶ್ ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿ ಮುಂದೆ ಹೋದ. ಸಂಜೆಯ ಮೌನಕ್ಕೆ ಈಗಿಂದಲೇ ಅಭ್ಯಾಸ ಮಾಡೋಣ ಅನ್ನುವುದು ಅವನ ಲೆಕ್ಕ. ಖಾಲಾಳ ಕೈಯ ಪೊರಕೆ ನಿಂತಿತು.

"ಅಯ್ಯೋ, ಸಲಾಮಿಗೆ ಸಲಾಂ ಇಲ್ಲ! ಹೆಂಡ್ತಿ ಜೊತೆ ಜಗಳನಾ? ಬಾಯಿ ಗೀಯಿ ಸೊಟ್ಟಗಾಗಿದೆಯಾ? ಇತ್ಲಾಗೆ ತಿರುಗು ನೋಡೋಣ!"

ರೊಟ್ಟಿ ಹಿಡಿದು ವಾಪಸು ಬರುವಷ್ಟರಲ್ಲಿ ಅವನ ಬಾಗಿಲಲ್ಲಿ ಅರ್ಧ ಮೊಹಲ್ಲಾ ನಿಂತಿತ್ತು. ಒಬ್ಬಳು ಸೂಪು ತಂದಿದ್ದಳು. ಒಬ್ಬ ಲಕ್ವಕ್ಕೆ ಔಷಧಿ ಕೊಡುವವರ ವಿಳಾಸ ತಂದಿದ್ದ. ಎರ್ಗಶನ ಹೆಂಡತಿ ಸಲೋಮತ್ ಸೊಂಟದ ಮೇಲೆ ಕೈಯಿಟ್ಟು, "ನಾನೇನು ಮಾಡಿದೆ ಅಂತ ಇಷ್ಟು ಜನರ ಮುಂದೆ ಈಗಲೇ ಹೇಳ್ಬಿಡಿ" ಅಂದಳು. ವಿಧಿಯಿಲ್ಲದೆ ಎರ್ಗಶ್ ಬಾಯಿ ಬಿಟ್ಟು ಎಲ್ಲ ಹೇಳಿದ. ಹುಡುಗಿಗೆ ಮಾತ್ರ ಗೊತ್ತಾಗಬಾರದೆಂದು ಕೈಮುಗಿಯುವುದೊಂದು ಬಾಕಿ ಎಂಬಂತೆ ಬೇಡಿಕೊಂಡ.

ಅವನು ಮಾಡಿದ ತಪ್ಪು ಅದೇ. ಒಬ್ಬನ ವ್ರತ ಈಗ ಮೊಹಲ್ಲಾದ ಕೆಲಸವಾಯಿತು.

"ನೀನು ಸುಮ್ನಿರೋದು ನಮ್ಮ ಜವಾಬ್ದಾರಿ" ಎಂದಳು ರಿಸೋಲತ್ ಖಾಲಾ. "ನಾವೆಲ್ಲಾ ಬರ್ತೀವಿ."

ಪಕ್ಕದ ಮನೆಯ ತೋಲಿಬ್ ಅಕಾ, ಅಂದರೆ ತೋಲಿಬಣ್ಣ, ಟ್ರ್ಯಾಮ್ ಓಡಿಸಿ ನಿವೃತ್ತರಾದವರು, ನಾಲಗೆಯ ಕೆಳಗೆ ಯಾವಾಗಲೂ ನಾಸ್ ಎಂಬ ಹಸಿರು ಹೊಗೆಸೊಪ್ಪಿನ ಪುಡಿ ಇಟ್ಟುಕೊಂಡಿರುತ್ತಿದ್ದರು. ಅವರು ಅದನ್ನು ಮೂಲೆಗೆ ಉಗಿದು ಬಂದು ಹೇಳಿದರು: "ಇದಕ್ಕೆಲ್ಲಾ ವ್ರತ ಯಾಕೋ ತಮ್ಮಾ? ಒಂದು ಚಿಟಿಕೆ ನಾಸ್ ಬಾಯಲ್ಲಿಟ್ಕೊ. ಮೂವತ್ತು ವರ್ಷ ಟ್ರ್ಯಾಮ್ ಓಡಿಸಿದೆ. ಒಬ್ಬ ಪ್ರಯಾಣಿಕನ ಜೊತೆಗಾದ್ರೂ ಜಗಳ ಆಡಿದೀನಾ? ಬಾಯಿ ತೆಗೆದ್ರೆ ತಾನೇ ಜಗಳ!"

ಎರ್ಗಶ್ ಬೇಡವೆಂದು ತಲೆ ಅಲ್ಲಾಡಿಸಿದ. ತೋಲಿಬ್ ಅಕಾ ನಾಸ್ ತುಂಬಿದ ಪುಟ್ಟ ಸೋರೆಬುರುಡೆಯನ್ನು ಜೇಬಿಗೆ ಇಳಿಸಿದರು. ಇರಲಿ, ಹೊತ್ತು ಬರುತ್ತದೆ ಅನ್ನುವಂತೆ ಜೇಬನ್ನೊಮ್ಮೆ ತಟ್ಟಿಕೊಂಡರು.

ಮಧ್ಯಾಹ್ನ ಎರಡು ವ್ಯಾನು ತುಂಬ ಮೊಹಲ್ಲಾ ಕ್ರೀಡಾಂಗಣದ ಮುಂದೆ ಇಳಿಯಿತು. ಪಲಾವಿನ ಕಡಾಯಿ ಒಂದು ವ್ಯಾನಿನಲ್ಲಿ ತೊಡೆಗಳ ಮೇಲೆ ಕೂತು ಬಂದಿತ್ತು. ಗೆದ್ದರೂ ಸೋತರೂ ಊಟ ಮಾಡಲೇಬೇಕಲ್ಲ.

ರಿಸೋಲತ್ ಖಾಲಾ ಒಳಗೆ ಬಂದವಳು ತಲೆಯೆತ್ತಿ ನೋಡಿ ಬೆಚ್ಚಿದಳು. ಯಾವುದೋ ಹುಡುಗಿ ಚಾವಣಿಯ ದೀಪದ ಹತ್ತಿರ ಹೋಗಿ ಬರುತ್ತಿದ್ದಳು.

"ಅಲ್ಲಾ! ಇದಕ್ಕೆ ಅಂಕ ಹೇಗೆ ಕೊಡ್ತಾರೋ ಎರ್ಗಶ್? ಬದುಕಿ ಬಂದ್ರೆ ಸಾಕಲ್ವಾ?"

"ನಾಲ್ಕು ನೋಡ್ತಾರೆ ಖಾಲಾ. ಎಷ್ಟು ಕಷ್ಟದ್ದು ಹಾಕಿದ್ಲು, ಎಷ್ಟು ಅಂದವಾಗಿ ಹಾಕಿದ್ಲು, ಎಷ್ಟು ಹೊತ್ತು ಗಾಳೀಲಿದ್ಲು, ಆಮೇಲೆ ನಡುಮಧ್ಯದ ಆ ಕೆಂಪು ಗುರುತಿಂದ ಎಷ್ಟು ದೂರ ಸರಿದ್ಲು. ಕೊನೇ ಎರಡನ್ನ ಯಂತ್ರಾನೇ ಅಳೆಯುತ್ತೆ."

"ದೃಷ್ಟಿ? ದೃಷ್ಟೀನ ಯಾವ ಯಂತ್ರ ಅಳೆಯುತ್ತೆ?"

ಎರ್ಗಶ್ ನಕ್ಕು ಮೆತ್ತೆ ತರಲು ಹೋದ. ಅವಳ ಪ್ರಶ್ನೆ ತಮಾಷೆಯದಲ್ಲ ಎಂದು ಅವನಿಗೆ ಹೊಳೆಯಬೇಕಿತ್ತು.

ಅವನು ತಿರುಗಿ ಬರುವ ಹೊತ್ತಿಗೆ ರಿಸೋಲತ್ ಖಾಲಾ ಹಿಡಿಯಿರುವ ಬಾಣಲೆಯಲ್ಲಿ ಇಸಿರಿಕ್ ಸೊಪ್ಪಿಗೆ ಕಿಚ್ಚು ಹಚ್ಚಿಕೊಂಡು ಟ್ರ್ಯಾಂಪೊಲಿನ್ನಿಗೆ ಪ್ರದಕ್ಷಿಣೆ ಹಾಕುತ್ತಿದ್ದಳು. ಕೆಟ್ಟ ಕಣ್ಣು, ಕರಿ ಕಣ್ಣು, ಸಮರ್‌ಕಂದಿನ ಕಣ್ಣು ಎಲ್ಲ ಸುಟ್ಟುಹೋಗಲಿ ಎಂದು ಅವಳ ತುಟಿ ಮಣಮಣಿಸುತ್ತಿತ್ತು. ಹೊಗೆ ನೇರ ಮೇಲಕ್ಕೆ ಹೋಯಿತು. ಇಂಥ ಸೊಪ್ಪನ್ನು ಹುಟ್ಟಿದಂದಿನಿಂದ ಮೂಸದ ಒಂದು ಪುಟ್ಟ ಯಂತ್ರ ಚಾವಣಿಯಲ್ಲಿತ್ತು. ಅದು ಕಿರುಚಿತು. ಅದರ ಕಿರುಚಾಟಕ್ಕೆ ಉಳಿದ ಯಂತ್ರಗಳೂ ದನಿಗೂಡಿಸಿದವು. ತೀರ್ಪುಗಾರರು, ಆಟಗಾರ್ತಿಯರು, ಪ್ರೇಕ್ಷಕರು ಎಲ್ಲರನ್ನೂ ಅಂಗಳಕ್ಕೆ ಹೊರಡಿಸಿದರು.

"ನೋಡಿದ್ಯಾ? ದೃಷ್ಟಿ ಎಷ್ಟಿತ್ತು ಅಂತ!" ಎಂದಳು ಖಾಲಾ, ಗೆದ್ದವಳಂತೆ.

ಅಂಗಳದಲ್ಲಿ ಬಿಸಿಲು ಬಾಗಿತ್ತು. ಆಟಗಾರ್ತಿಯರು ಮೈ ತಣ್ಣಗಾಗದಂತೆ ಒಂದು ಕಡೆ ಕುಣಿಯುತ್ತಿದ್ದರು. ಎರ್ಗಶ್ ದೂರದಿಂದ ಓಯ್ದಿನಳನ್ನು ನೋಡಿದ. ಅವಳು ಕಣ್ಣುಮುಚ್ಚಿ ನಿಂತು, ಕೈಗಳನ್ನು ಸಣ್ಣಗೆ ಆಡಿಸುತ್ತಾ, ಹತ್ತೂ ಲಾಗಗಳನ್ನು ಮನಸ್ಸಿನಲ್ಲೇ ಹಾಕುತ್ತಿದ್ದಳು. ಹತ್ತನೆಯದರ ಹೊತ್ತಿಗೆ ಅವಳ ಗಲ್ಲ ಮೇಲಕ್ಕೆದ್ದಿತು. ಎರ್ಗಶನ ಬಾಯಿಯವರೆಗೆ "ಹಾಂ" ಬಂದೇಬಿಟ್ಟಿತು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ತೋಲಿಬ್ ಅಕಾ ಅದನ್ನು ನೋಡಿದರು. "ಹುಡುಗಿ ನೆಲದ ಮೇಲೆ ನಿಂತಿರೋವಾಗ್ಲೇ ಈ ಗತಿ. ಮೇಲೆ ಹೋದಾಗ ಏನ್ಮಾಡ್ತೀಯಾ?"

ಎರ್ಗಶ್ ಸುಮ್ಮನೆ ಅಂಗೈ ಚಾಚಿದ.

ಜೀವಮಾನದಲ್ಲಿ ಬೀಡಿಯನ್ನೂ ಮುಟ್ಟದವನು. ಪುಡಿ ನಾಲಗೆಯ ಕೆಳಗೆ ಬಿದ್ದದ್ದೇ ತಡ, ಬಾಯಲ್ಲಿ ಯಾರೋ ಒಲೆ ಹೂಡಿದಂತಾಯಿತು. ಕಣ್ಣಲ್ಲಿ ನೀರು ಬಂತು. ಅಂಗಳದ ಪೊಪ್ಲರ್ ಮರಗಳೆಲ್ಲ ಒಂದು ಸಾರಿ ಸಾಲು ಬದಲಿಸಿ ನಿಂತವು. ಆದರೆ ತೋಲಿಬ್ ಅಕಾ ಹೇಳಿದ್ದು ನಿಜ. ಮಾತಿರಲಿ, ಉಸಿರಾಡಲೂ ಯೋಚಿಸಬೇಕಾಗಿತ್ತು.

ಅದೇ ಹೊತ್ತಿಗೆ ಮುಖ್ಯ ತೀರ್ಪುಗಾರ್ತಿ ಲಿಲಿಯಾ ಪೆತ್ರೋವ್ನಾ ತ್ಯಾನ್ ಅವನ ಕಡೆಗೇ ಬಂದರು. ಪುಟ್ಟ ಆಕಾರದ, ಇಸ್ತ್ರಿ ಹೊಡೆದ ಕೋಟಿನ ಹೆಂಗಸು. ಆಕೆಯ ಮುಂದೆ ನಿಂತರೆ ಎಂಥವರೂ ಶರಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು.

"ಎರ್ಗಶ್ ಅಕಾ, ನಿಮ್ಮ ಹುಡುಗಿಗೆ ಮೈ ಬಿಸಿ ಮಾಡ್ಕೊಳ್ಳೋಕೆ ಇನ್ನಷ್ಟು ಸಮಯ ಬೇಕಾ?"

ಉತ್ತರ ಕೊಡಲೇಬೇಕು. ಹೆಣ್ಣುಮಗಳ ಎದುರು, ಅದೂ ತೀರ್ಪುಗಾರ್ತಿಯ ಎದುರು, ಉಗಿಯುವುದುಂಟೇ? ಎರ್ಗಶ್ ಕಣ್ಣುಮುಚ್ಚಿ, ಮನಸ್ಸಿನಲ್ಲೇ ಬಿಸ್ಮಿಲ್ಲಾ ಎಂದು, ಇದ್ದಬದ್ದದ್ದನ್ನೆಲ್ಲ ನುಂಗಿದ.

"ಬೇಡ ಮೇಡಂ" ಎಂದ. ಮತ್ತೆ, "ಹಿಕ್" ಎಂದ.

ಲಿಲಿಯಾ ಪೆತ್ರೋವ್ನಾ ಹುಬ್ಬೇರಿಸಿ ಹೊರಟುಹೋದರು. ಬಿಕ್ಕಳಿಕೆ ಹೋಗಲಿಲ್ಲ.

ಮೊಹಲ್ಲಾ ಸುತ್ತುವರಿಯಿತು. ಒಬ್ಬಳು ನೀರು ಕುಡಿಸಿದಳು. ಇನ್ನೊಬ್ಬಳು ತಲೆಕೆಳಗಾಗಿ ಬಗ್ಗಿಸಿ ಕುಡಿಸಿದಳು. ಸಲೋಮತ್ ಕಲ್ಲುಸಕ್ಕರೆ ಇಟ್ಟಳು. ಹೆದರಿಸಿದರೆ ಬಿಕ್ಕಳಿಕೆ ಹೋಗುತ್ತದೆಂದು ಯಾರೋ ನೆನಪಿಸಿದರು.

"ನಿನ್ನ ಮನೆ ನಲ್ಲಿ ತೆರೆದಿಟ್ಟು ಬಂದಿದೀನಿ ಕಣೋ!" ಎಂದು ರಿಸೋಲತ್ ಖಾಲಾ ಕಿವಿಯಲ್ಲಿ ಕೂಗಿದಳು.

"ಹಿಕ್. ಪರವಾಗಿಲ್ಲ ಖಾಲಾ."

"ಅಲ್ಲಪ್ಪಾ, ನಿಜವಾಗ್ಲೂ ತೆರೆದಿಟ್ಟೇ ಬಂದಿದೀನಿ ಅನ್ಸುತ್ತೆ. ಸೂಪಿನ ಪಾತ್ರೆ ತೊಳೀತಿದ್ದೆ..."

ಈಗ ಹೆದರಿದವಳು ಸಲೋಮತ್. ಅವಳಿಗೆ ಬಿಕ್ಕಳಿಕೆ ಇರಲಿಲ್ಲ.

ಒಳಗೆ ಕರೆದರು. ಕಮೀಲಾ ಮೊದಲು ಹತ್ತಿ, ಅಚ್ಚುಕಟ್ಟಾಗಿ ಮುಗಿಸಿ, ಒಳ್ಳೆಯ ಅಂಕ ಪಡೆದು ಇಳಿದಳು. ಮುಂದಿನದು ಓಯ್ದಿನ್. ಎರ್ಗಶ್ ಮೆತ್ತೆ ಹಿಡಿದು ಅಂಚಿಗೆ ಬಂದು ನಿಂತ.

"ಹಿಕ್."

ಕಮೀಲಾಳ ಕೋಚ್ ಕೈಯೆತ್ತಿದ. "ಆಕ್ಷೇಪಣೆ ಇದೆ! ಇದು ಸನ್ನೆ. ವಸಂತದಲ್ಲಿ ಬಾಯಲ್ಲಿ ಕೂಗಿದ್ರು, ಈಗ ಹೊಟ್ಟೇಲಿ ಕೂಗ್ತಿದಾರೆ."

"ಬಿಕ್ಕಳಿಕೆ ಯಾರಪ್ಪನ ಮಾತು ಕೇಳುತ್ತಯ್ಯಾ?" ಎಂದು ಪ್ರೇಕ್ಷಕರ ಸಾಲಿನಿಂದ ತೋಲಿಬ್ ಅಕಾ ಗುಡುಗಿದರು.

ತೀರ್ಪುಗಾರರು ತಲೆ ಒಟ್ಟುಗೂಡಿಸಿದರು. ನಿಯಮದ ಪುಸ್ತಕ ತಿರುವಿಹಾಕಿದರು. ಅದನ್ನು ಬರೆದವರಿಗೆ ಕೋಚ್‌ಗಳಿಗೂ ಹೊಟ್ಟೆಯಿರುತ್ತದೆ ಎಂಬುದು ಹೊಳೆದಿರಲಿಲ್ಲ. ಓಯ್ದಿನ್ ದೂರದಲ್ಲಿ ತನ್ನ ಸರದಿಗೆ ಕಾಯುತ್ತಾ, ಏನು ನಡೆಯುತ್ತಿದೆಯೆಂದು ಕತ್ತು ಉದ್ದಮಾಡಿ ನೋಡುತ್ತಿದ್ದಳು. ಕಡೆಗೆ ಲಿಲಿಯಾ ಪೆತ್ರೋವ್ನಾ ಎದ್ದು ನಿಂತರು.

"ಬಿಕ್ಕಳಿಕೆ ಮಾತಲ್ಲ, ಸನ್ನೆಯೂ ಅಲ್ಲ. ಅದು ದೇಹದ ಅವಸ್ಥೆ. ಎಷ್ಟು ಬಂದರೂ ಕಡಿತ ಇಲ್ಲ. ಮುಂದುವರಿಸಿ."

ಎರ್ಗಶನ ಎದೆ ಹಗುರಾಯಿತು. ಹಗುರಾದ ಕೂಡಲೇ ಬಿಕ್ಕಳಿಕೆ ನಿಂತುಹೋಯಿತು. ಅನುಮತಿ ಸಿಗುವವರೆಗೆ ಅಂಗಡಿಯ ಮುಂದೆ ಹಟಹಿಡಿದು ನಿಂತಿದ್ದ ಮಗು, ಸರಿ ತಗೋ ಅಂದಾಗ ಬೇಡ ಅಂದು ಹೊರಟ ಹಾಗೆ.

ಓಯ್ದಿನ್ ಹಾಸಿನ ಮೇಲೆ ಹತ್ತಿ ಮಾಮನ ಕಡೆ ಒಮ್ಮೆ ನೋಡಿದಳು. ಅವನು ತಲೆದೂಗಿದ. ಅವಳು ಬೆನ್ನು ತಿರುಗಿಸಿದ್ದೇ ತಲೆಯ ಮೇಲಿದ್ದ ನಾಲ್ಕು ಮೂಲೆಯ ಟೋಪಿಯನ್ನು ತೆಗೆದು, ಮಡಿಸಿ, ಬಾಯಿಗೆ ತುರುಕಿಕೊಂಡ.

ಅವಳು ಸುಮ್ಮನೆ ಕುಪ್ಪಳಿಸಿ ಕುಪ್ಪಳಿಸಿ ಎತ್ತರ ಕೂಡಿಸಿಕೊಂಡಳು. ಸ್ಪ್ರಿಂಗುಗಳು ಪ್ರತಿ ಸಾರಿಯೂ ಹೆಚ್ಚು ಹೆಚ್ಚು ಆಳದಿಂದ ಉಸಿರೆಳೆದವು. ಆಮೇಲೆ ಮೊದಲನೆಯದು. ಮಂಡಿ ಎದೆಗೆ ಬಂತು, ಮೂರು ಸುತ್ತು ಸುತ್ತಿ ಬಿಚ್ಚಿಕೊಂಡಿತು, ಕಾಲು ಕೆಂಪು ಗುರುತಿನ ಮೇಲೇ ಇಳಿಯಿತು, ಇಳಿದದ್ದೇ ಮತ್ತೆ ಎದ್ದಿತು. ಎರಡನೆಯದು, ಮೂರನೆಯದು. ಮೈ ಈಟಿಯಂತೆ ನೀಳವಾಯಿತು. ಮಡಿಸಿದ ಪತ್ರದಂತೆ ಎರಡಾಯಿತು. ಹೆಚ್ಚಿಗೆ ಸೇರಿಸಿದ ಆ ಅರ್ಧ ಸುತ್ತುಗಳು ಮೊದಲಿನಿಂದಲೂ ಅಲ್ಲೇ ಇದ್ದವೆಂಬಂತೆ ಬಂದು ಹೋದವು. ಪದ್ಯದ ಮೇಲೆ ಪದ್ಯ ಏರುವ ಹಾಗೆ ಅದು ಏರಿತು. ಪ್ರೇಕ್ಷಕರ ಸಾಲಿನಲ್ಲಿ ಮೊಹಲ್ಲಾ ಹುಡುಗಿಯನ್ನು ನೋಡುವುದನ್ನೇ ಬಿಟ್ಟು ಎರ್ಗಶನ ಬಾಯನ್ನು ನೋಡುತ್ತಿತ್ತು.

ಒಂಬತ್ತು ಮುಗಿಯಿತು. ಕೊನೆಕೊನೆಗೆ ಎತ್ತರ ತುಸು ಕುಗ್ಗುತ್ತದೆ, ಕಾಲು ಭಾರವಾಗುತ್ತದೆ. ಹತ್ತನೆಯದಕ್ಕೆ ಅವಳು ಎದ್ದಳು. ತುದಿ ಮುಟ್ಟಿದಳು. ಎರ್ಗಶನ ಗಂಟಲಿನೊಳಗೆ ಅಜ್ಜನೂ, ಅಜ್ಜನ ಅಜ್ಜನೂ, ಗುಡ್ಡಗಾಡಿನ ಅಷ್ಟೂ ಕೇಳುಗರೂ ಒಟ್ಟಿಗೆ ಎದ್ದು ನಿಂತರು. ಅವನು ಟೋಪಿಯನ್ನು ಹಲ್ಲಿನಲ್ಲಿ ಕಚ್ಚಿದ. ದನಿಯ ಒಂದು ಎಳೆ ಕೂಡ ಹೊರಗೆ ಬರಲಿಲ್ಲ.

ಮೌನ.

ಆ ಮೌನದಲ್ಲಿ ಓಯ್ದಿನ್ ಒಂದು ಕಣ್ಣೆವೆಯಷ್ಟು ಹೊತ್ತು ಹೆಚ್ಚಿಗೆ ಮುದುಡಿಕೊಂಡೇ ಇದ್ದಳು. ತಡವಾಗಿ ಬಿಚ್ಚಿಕೊಂಡಳು. ಗುರುತು ತಪ್ಪಿ ಅಂಚಿನ ಕಡೆ ಇಳಿದಳು. ಎರ್ಗಶ್ ಮೆತ್ತೆ ಎತ್ತಿದ. ಅವಳು ಒಂದು ಹೆಜ್ಜೆ ತತ್ತರಿಸಿ, ತೋಳು ಚಾಚಿ, ಹೇಗೋ ಮೈ ಹಿಡಿದು ನಿಂತಳು. ಅವನು ಮೆತ್ತೆಯನ್ನು ತಳ್ಳದೆ ಹಾಗೇ ಎದೆಗವಚಿಕೊಂಡ.

ಅಂಕ ಬರುವುದು ತಡವಾಯಿತು. ಬಂದಾಗ ಓಯ್ದಿನಳ ಹೆಸರು ಮೇಲಿತ್ತು, ಕಮೀಲಾಳದ್ದು ಕೆಳಗೆ. ನಡುವೆ ಇದ್ದದ್ದು ಕಣ್ಣು ಕಿರಿದು ಮಾಡಿ ನೋಡಬೇಕಾದಷ್ಟು ಅಂತರ.

ಮೊಹಲ್ಲಾ ಕಟ್ಟೆಯೊಡೆದ ಕಾಲುವೆಯಂತೆ ಕೆಳಗೆ ಹರಿದು ಬಂತು. "ಸುಮ್ನಿದ್ದ! ನಮ್ಮ ಎರ್ಗಶ್ ಸುಮ್ನಿದ್ದ!" ಎಂದು ರಿಸೋಲತ್ ಖಾಲಾ ಅವನ ಕೆನ್ನೆ ಹಿಂಡಿದಳು. ತೋಲಿಬ್ ಅಕಾ ಬೆನ್ನಿಗೆ ಗುದ್ದಿದರು. ಟೋಪಿಯನ್ನು ಬಾಯಿಂದ ಎಳೆಯಲು ಇಬ್ಬರು ಬೇಕಾಯಿತು.

ಓಯ್ದಿನ್ ಜನರನ್ನು ಸರಿಸಿಕೊಂಡು ಬಂದಳು. ಗೆದ್ದವಳ ಮುಖ ಅದಾಗಿರಲಿಲ್ಲ.

"ಮಾಮ, ಏನಾಯ್ತು ನಿಮಗೆ? ಯಾಕೆ ಕೂಗ್ಲಿಲ್ಲ?"

"ಕೂಗಿದ್ರೆ ಅಂಕ ಹೋಗ್ತಿತ್ತಲ್ಲಮ್ಮಾ."

"ಹೋಗ್ಲಿ ಅಂತಾನೇ ಅಲ್ವಾ ಮೂರು ಅರ್ಧ ಸುತ್ತು ಸೇರಿಸಿದ್ದು!"

ಎರ್ಗಶನಿಗೆ ಅರ್ಥವಾಗಲಿಲ್ಲ.

"ಅಲ್ಲ ಮಾಮ, ಅಷ್ಟು ಸುತ್ತೋವಾಗ ಹಾಸು ನಂಗೆಲ್ಲಿ ಕಾಣ್ಸುತ್ತೆ? ಚಿಕ್ಕೋಳಾಗಿದ್ದಾಗಿಂದ ಹತ್ತನೇದನ್ನ ನಾನು ನಿಮ್ಮ ದನಿ ಕೇಳೇ ಬಿಚ್ಚೋದು. ನೀವು 'ಹಾಂ, ಕಂದಾ' ಅಂದ್ರೆ ನೆಲ ಎಲ್ಲಿದೆ ಅಂತ ಗೊತ್ತಾಗುತ್ತೆ. ಒಂದು ಕೂಗಿಗೆ ಎಷ್ಟು ಕತ್ತರಿಸ್ತಾರೋ ಅಷ್ಟಕ್ಕೆ ಸರಿಯಾಗಿ ಸುತ್ತು ಸೇರಿಸ್ಕೊಂಡಿದ್ದೆ. ಖರ್ಚಿದೆ ಅಂತ ಹೇಳ್ಲಿಲ್ವಾ? ಅದು ನಿಮ್ಮ ಬಾಯಿ ಖರ್ಚು." ಅವಳ ದನಿ ಸಣ್ಣಗಾಯಿತು. "ಇವತ್ತು ಮೇಲೆ ಹೋಗಿ ಕಾಯ್ತಾ ಇದ್ದೆ. ನಿಮಗೇನೋ ಆಗ್ಹೋಯ್ತು ಅಂದ್ಕೊಂಡೆ."

ಎರ್ಗಶ್ ಒದ್ದೆಯಾದ ಟೋಪಿಯನ್ನು ಎರಡು ಕೈಯಲ್ಲೂ ಹಿಡಿದು ನಿಂತ. ಎರಡು ತಿಂಗಳು ಅವಳು ತನ್ನ ಕತ್ತನ್ನು ಒಡ್ಡಿ ಸಂಪಾದಿಸಿದ್ದು ಅವನ ಒಂದು ಹೂಂಗುಟ್ಟನ್ನು. ಅವನು ಅದನ್ನು ಟೋಪಿಯೊಳಗೆ ಮಡಿಸಿಟ್ಟಿದ್ದ. ಹುಡುಗಿಯ ಹೆಗಲಿಗೆ ಹಣೆ ತಾಗಿಸಿದ. ಅವಳ ಮೈಯೆಲ್ಲ ಇಸಿರಿಕ್ ಹೊಗೆಯ ವಾಸನೆ.

"ಅಳೋದಾದ್ರೆ ಆಮೇಲೆ ಅಳು" ಎಂದಳು ರಿಸೋಲತ್ ಖಾಲಾ, ತಲೆವಸ್ತ್ರದ ತುದಿಯಿಂದ ತನ್ನ ಕಣ್ಣೊರೆಸಿಕೊಳ್ಳುತ್ತಾ. "ಏಷ್ಯಾದಲ್ಲಿ ಕೂಗ್ತೀಯೋ ಇಲ್ವೋ, ಅದು ಹೇಳು ಮೊದ್ಲು."

"ಕೂಗ್ತೀನಿ ಖಾಲಾ. ಅದೇನು ದೊಡ್ಡದು? ತಾನಾಗೇ ಬರುತ್ತೆ."

ಸಮಾರಂಭ ಮುಗಿದು ಹಾಸುಗಳನ್ನು ಮಡಿಸುವ ಮೊದಲು ಓಯ್ದಿನ್ ಒಮ್ಮೆ ಹತ್ತಿದಳು. ದನಿ ಕೇಳದೆ ಹೋದರೆ ಇವತ್ತು ನಿದ್ದೆ ಬರುವುದಿಲ್ಲ ಎಂದಳು. ಮೊಹಲ್ಲಾ ಪಲಾವಿನ ಕಡಾಯಿಯ ಮುಚ್ಚಳ ತೆಗೆಯುವುದನ್ನು ಮುಂದಕ್ಕೆ ಹಾಕಿ ಸುತ್ತಲೂ ನಿಂತಿತು. ಕುಪ್ಪಳಿಸಿ, ಎತ್ತರ ಹಿಡಿದು, ಹತ್ತನೆಯ ಲಾಗವೊಂದನ್ನೇ ಹಾಕಲು ಎದ್ದಳು. ತುದಿ ಬಂತು. ಎರ್ಗಶ್ ಬಾಯಿ ತೆರೆದ.

ಏನೂ ಬರಲಿಲ್ಲ.

ಬೇಡವೆಂದಾಗ ತಾನಾಗಿ ಬರುತ್ತಿದ್ದದ್ದು, ಬೇಕೆಂದು ಕರೆದಾಗ ಒಳಗೇ ಬಾಗಿಲು ಹಾಕಿಕೊಂಡಿತ್ತು. ಓಯ್ದಿನ್ ತಡವಾಗಿ ಬಿಚ್ಚಿಕೊಂಡು ತತ್ತರಿಸಿ ನಿಂತಳು. ಇನ್ನೊಮ್ಮೆ ಹಾರಿದಳು. ಎರ್ಗಶ್ ಕತ್ತಿನ ನರ ಉಬ್ಬುವ ಹಾಗೆ ಒತ್ತಿದ. ಮೀನು ಬಾಯಿ ಬಿಟ್ಟಂತೆ ಬಿಟ್ಟ. ಗಾಳಿ ಮಾತ್ರ ಬಂತು.

"ಕೂಗ್ಬೇಡ ಅಂದ್ರೆ ಕೂಗ್ತಾನೆ, ಕೂಗು ಅಂದ್ರೆ ಕಲ್ಲಾಗ್ತಾನೆ!" ಎಂದು ಸಲೋಮತ್ ಹಣೆ ಚಚ್ಚಿಕೊಂಡಳು. "ಇವರನ್ನ ಕಟ್ಕೊಂಡು ಇಪ್ಪತ್ತೈದು ವರ್ಷದಿಂದ ಇದೇ ಕತೆ."

ಆಗ ತೋಲಿಬ್ ಅಕಾ ನಿಧಾನವಾಗಿ ಮುಂದೆ ಬಂದು, ಜೇಬಿಗೆ ಕೈಹಾಕಿ, ಪುಟ್ಟ ಸೋರೆಬುರುಡೆಯನ್ನು ತೆಗೆದು ಹಿಡಿದರು.

ಎರ್ಗಶ್ ಬುರುಡೆಯನ್ನು ನೋಡಿದ. ಹಾಸಿನ ಮೇಲೆ ನಿಂತ ಹುಡುಗಿಯನ್ನು ನೋಡಿದ. ಆಮೇಲೆ ಅಂಗೈ ಚಾಚಿದ. ಬಾಯಲ್ಲಿ ಮತ್ತೆ ಒಲೆ ಹೂಡಿದಂತಾಯಿತು. ಮನಸ್ಸಿನಲ್ಲೇ ಬಿಸ್ಮಿಲ್ಲಾ ಎಂದು ನುಂಗಿದ.

ಓಯ್ದಿನ್ ಚಿಮ್ಮಿದಳು. ಅವಳು ಎತ್ತರದಲ್ಲಿ ತೂಗಿ ನಿಂತಾಗ ಎರ್ಗಶನ ಜೀವ ಎಂದಿನಂತೆ ಗಂಟಲಿಗೆ ಬಂತು. ಅಲ್ಲಿ ಬಿಕ್ಕಳಿಕೆ ಮೊದಲೇ ಬಂದು ಕೂತಿತ್ತು. ಎರಡೂ ಒಟ್ಟಿಗೆ ಹೊರಬಿದ್ದವು.

"ಹಿಕ್!"

ಹುಡುಗಿ ಅರಳಿದಳು. ಕೆಂಪು ಗುರುತಿನ ನಟ್ಟನಡುವೆ ಮೊಳೆ ಹೊಡೆದ ಹಾಗೆ ನಿಂತಳು.

ಬಾಗಿಲ ಬಳಿ ಕೋಟು ತೊಟ್ಟುಕೊಂಡು ಹೊರಟಿದ್ದ ಲಿಲಿಯಾ ಪೆತ್ರೋವ್ನಾ ತಿರುಗಿ ನೋಡಿದರು. "ಅದಕ್ಕೆ ಕಡಿತ ಇಲ್ಲ" ಎಂದರು. "ನಾನೇ ಹೇಳಿದೀನಿ." ಅವರ ತುಟಿಯ ತುದಿ ಒಂದಿಷ್ಟು ಅಲುಗಿತು. ಹೊರಟುಹೋದರು.

"ಹಾಗಾದ್ರೆ ಆ ಮೂರು ಅರ್ಧ ಸುತ್ತಿನ ಅಂಕ ಪೂರ್ತಿ ಲಾಭ!" ಎಂದು ಓಯ್ದಿನ್ ಹಾಸಿನ ಮೇಲೇ ಕುಣಿದಳು. "ಮಾಮ, ದಿನಾ ಇದನ್ನೇ ಅಭ್ಯಾಸ ಮಾಡೋಣ. ಏಷ್ಯಾ ಮುಗಿಯೋವರೆಗೆ."

"ಅದಕ್ಕೇನಂತೆ" ಎಂದರು ತೋಲಿಬ್ ಅಕಾ, ಬುರುಡೆಯ ಬಿರಡೆ ಬಿಗಿಯುತ್ತಾ. "ಇದು ಸಾದಾ ಮಾಲು. ಏಷ್ಯಾಕ್ಕೆ ಅಂದ್ರೆ ಬೇರೆ ಅರೀತೀನಿ, ಇದಕ್ಕಿಂತ ಖಾರ ಇರೋದು."

ಹಸಿರು ಬಣ್ಣಕ್ಕೆ ತಿರುಗಿದ್ದ ಎರ್ಗಶ್ ಟ್ರ್ಯಾಂಪೊಲಿನ್ನಿನ ಕಂಬ ಹಿಡಿದುಕೊಂಡು ಏನೋ ಹೇಳಲು ಬಾಯಿ ತೆರೆದ.

"ಹಿಕ್."

ಮೊಹಲ್ಲಾ ಅದನ್ನು ಒಪ್ಪಿಗೆಯೆಂದೇ ತಿಳಿದು ಪಲಾವಿನ ಮುಚ್ಚಳ ತೆಗೆಯಿತು.